ಮೂರನೆಯ ಬಾಣ

೬ ಜನವರಿ ೧೯೧೨, ಶಿವನಿ ಸ್ಟೇಷನ್, ಬೆಳಿಗ್ಗೆ ೮
ಮಿಕ್ಸೆಡ್ ಗಾಡಿ ಹನ್ನೊಂದು ನಿಮಿಷ ತಡ. ಸ್ಟೇಷನ್ ಮಾಸ್ಟರು ಹತ್ತು ಅಂತ ಹಾಕಿ ಎಂದರು. ಹನ್ನೊಂದೇ ಬರೆದೆ.

ತರೀಕೆರೆ ಅಮಲ್ದಾರರ ಕಾಗದ ಬಂದಿದೆ. ಅಜ್ಜಂಪುರದಲ್ಲಿ ಬಿರುಸು ಮಾಡುವ ಬೆನಕಪ್ಪ ಹೊಸ ಮದ್ದಿನ ಬಾಣ ಮಾಡಿದ್ದಾನೆ. ಬಾಲಕ್ಕೆ ಹುರಿ ಕಟ್ಟಿ ಹಾರಿಸಿದರೆ ಹಳ್ಳದ ಆಚೆ ದಡಕ್ಕೆ ಒಯ್ಯಬೇಕು. ಆ ಪರೀಕ್ಷೆಯ ಚರಿತ್ರೆಯನ್ನು—ಯಾರು ಮಾಡಿದರು, ಹೇಗೆ, ಎಷ್ಟು ದೂರ—ತಾರಿನ ಗುಮಾಸ್ತನಾದ ನಾನು ಬರೆದು ಕಳಿಸಬೇಕಂತೆ. ಅದನ್ನು ನೋಡಿ ಮದ್ದಿನ ಲೈಸೆನ್ಸು.

ಹೋದ ಕಾರ್ತೀಕದ ಮಳೆಯಲ್ಲಿ, ಬೆನಕಪ್ಪನ ತಂಗಿ ಪಾಪಮ್ಮನ ಗಂಡ ತಿಮ್ಮಪ್ಪ ಹಳ್ಳದ ನಡುವಿನ ಬಂಡೆ ಹಿಡಿದು ಒಂದೂವರೆ ಗಂಟೆ ಇದ್ದ. ದಡದಲ್ಲಿ ಇಪ್ಪತ್ತು ಜನ, ಕೈಯಲ್ಲಿ ಹಗ್ಗ. ಎಸೆದದ್ದು ಒಂದೂ ಮುಟ್ಟಲಿಲ್ಲ; ಕೊನೆಗೆ ನೀರು ಅವನನ್ನು ಒಯ್ದಿತು. ನಾನೂ ಅಲ್ಲಿದ್ದೆ.

೯ ಜನವರಿ, ಸಂಜೆ
ಹಾರಿತು!

ಕ್ರಮವಾಗಿ ಬರೆಯಬೇಕು. ಮೊದಲನೆಯದು ಹಚ್ಚಿದಲ್ಲೇ ಸಿಡಿಯಿತು. ಎರಡನೆಯದು ಬುಸುಗುಟ್ಟಿ, ಹತ್ತು ಮಾರು ಹೋಗಿ ಮರಳಿಗೆ ಬಿತ್ತು. ಆಚೆ ದಡದಲ್ಲಿದ್ದ ರೈಲು ಗ್ಯಾಂಗಿನ ಈರಣ್ಣ, "ಬೆನಕಪ್ಪಣ್ಣೋ, ನಾನೇ ಅಲ್ಲೀಗ್ ಬಂದು ಹುರಿ ಈಸ್ಕಂಡ್ ಹೋಗ್ಲಾ?" ಎಂದು ಕೂಗಿದ. ಎಲ್ಲರೂ ನಕ್ಕರು.

ಮೂರನೆಯದು—ಸದ್ದು, ಹೊಗೆ, ಆಮೇಲೆ ಈರಣ್ಣನ ತಲೆಯ ಮೇಲೆ ಹುರಿ. ಹುರಿಯ ತುದಿಗೆ ನಾರಿನ ಹಗ್ಗ ಕಟ್ಟಿದರು. ಅವನು ಎಳೆದುಕೊಂಡು ಹುಣಸೆಮರಕ್ಕೆ ಬಿಗಿದ. ಟೇಪು ಹಿಡಿದೆ: ನೂರ ಮೂವತ್ತೆಂಟು ಗಜ. ನಾಲ್ಕು ಸೆಕೆಂಡು. ನಾನು ನೋಡಿದ್ದು ಗಡಿಯಾರವನ್ನು, ಬಾಣವನ್ನಲ್ಲ.

"ಮೂರೂ ನನ್ ಕೈಯಿಂದ್ಲೇ ಅಂತ ಬರ್ಕಳಿ ಸ್ವಾಮಿ" ಎಂದ ಬೆನಕಪ್ಪ.

೧೦ ಜನವರಿ, ಮಧ್ಯಾಹ್ನ
ಎರಡು ರೈಲುಗಳ ನಡುವಿನ ಬಿಡುವಿನಲ್ಲಿ ಓದಲು ಹೊಸ ಕಾದಂಬರಿ. ಬಂಗಾಳಿಯಿಂದ ಬಂದದ್ದು. ಮುಖಪುಟದಲ್ಲಿ ಭಾಷಾಂತರಕಾರರ ಹೆಸರು, ಪದವಿ, ಊರು. ಮೂಲ ಬರೆದವರ ಹೆಸರು ಎಲ್ಲೂ ಇಲ್ಲ. ಪ್ರತಿ ಪುಸ್ತಕದಲ್ಲೂ ಹುಡುಕುತ್ತೇನೆ...

ಕೊಳವೆಗಳು ಮೇಜಿನ ಮೇಲಿವೆ. ತಗಡು ಒಂದೇ. ಮದ್ದೂ ಒಂದೇ ಅನ್ನುತ್ತಾನೆ. ಹಾಗಾದರೆ ಎರಡು ಕೆಟ್ಟು ಒಂದು ಹಾರಿದ್ದು ಹೇಗೆ? ಮೂರನೆಯದರ ಬಾಯಿಗೆ ಮೆತ್ತಿದ ಜೇಡಿಮಣ್ಣನ್ನು ಒಡೆದು ನೋಡಿದೆ. ಮಣ್ಣಿನಲ್ಲಿ ಹುದುಗಿ ಸುಡದೆ ಉಳಿದ ಹತ್ತಿಯ ನೂಲಿನ ಎಳೆ.

ಬೆನಕಪ್ಪ ನೂಲುವುದಿಲ್ಲ.

೧೩ ಜನವರಿ
ಅಜ್ಜಂಪುರಕ್ಕೆ ಹೋಗಿದ್ದೆ. ಎಳೆಯನ್ನು ಬೆನಕಪ್ಪನ ಮುಂದಿಟ್ಟೆ. ಉಗುರಿನಿಂದ ಆಚೆ ತಳ್ಳಿದ. ಒಳಗಿಂದ ಪಾಪಮ್ಮ: "ಹೇಳಣ್ಣ. ಬಾಯಿಗೂ ಮದ್ದು ಗಿಡ್ಕಂಡಿದೀಯಾ?"

ಮೂರನೆಯದನ್ನು ತುಂಬಿದವಳು ಆಕೆ. ಅಣ್ಣ ಕೊಳವೆಯ ತುಂಬ ಮದ್ದನ್ನು ಒತ್ತಿ ಗಿಡಿಯುತ್ತಿದ್ದ. ಆಕೆ ರಾಟೆಯ ಕದಿರನ್ನು ನಡುವೆ ನಿಲ್ಲಿಸಿ, ಸುತ್ತ ಮದ್ದು ಗಿಡಿದು, ಕೊನೆಗೆ ಕದಿರನ್ನು ಎಳೆದುಕೊಂಡಿದ್ದಾಳೆ. ನಡುವೆ ಟೊಳ್ಳು. ಬೆಂಕಿ ಉದ್ದಕ್ಕೂ ಒಮ್ಮೆಗೇ ಹತ್ತುತ್ತದೆ.

"ಹೆಂಗ್ಸು ಮದ್ದು ಮುಟ್ಟಿದ್ಲು ಅಂತ ಬರದ್ರೆ ಅಮಲ್ದಾರ್ರು ಲೈಸೆನ್ಸು ಕೊಟ್ಟಂಗೇ!" ಎಂದ ಬೆನಕಪ್ಪ. "ಮಳೆಗಾಲಕ್ಕೆ ಇನ್ನೊಬ್ಬ ತಿಮ್ಮಪ್ಪ ಹೋಗ್ತಾನೆ. ಅದನ್ನೂ ಬರ್ಕಳಿ."

ಅವನ ಮಾತು ತಪ್ಪಲ್ಲ.

ಪಾಪಮ್ಮ: "ನನ್ ಹೆಸ್ರು ಬಿಡಿ ಸ್ವಾಮಿ. ಕದಿರು ಮಾತ್ರ ಬಿಡಬ್ಯಾಡಿ. ಬಿಟ್ರೆ ಮುಂದೆ ಮಾಡೋನೂ ಮುಖ ಸುಟ್ಕಂತಾನೆ."

೧೯ ಜನವರಿ
ಎರಡು ಸಲ ಬರೆದೆ: "ಕದಿರನ್ನು ಬಳಸಲಾಯಿತು." ಯಾರು ಬಳಸಿದರು? ಎರಡು ಸಲವೂ ಹರಿದೆ. ಮೂರನೆಯ ಸಲ ಹೆಸರು ಬರೆದು ಟಪಾಲಿಗೆ ಹಾಕಿದೆ. ಲೈಸೆನ್ಸು ತಪ್ಪಿದರೆ ಹೊಣೆ ನನ್ನದು.

ಬೆನಕಪ್ಪನಿಗೂ ಹೇಳಿ ಕಳಿಸಿದೆ.

೧೧ ಫೆಬ್ರವರಿ, ಸಂಜೆ
ಅಮಲ್ದಾರರು ಹಳ್ಳಕ್ಕೇ ಬಂದರು. ಕೈಯಲ್ಲಿ ನನ್ನ ಕಾಗದ.

"ಯಾರಮ್ಮ ಪಾಪಮ್ಮ?"

"ನಾನೇ ಬುದ್ಧಿ."

"ನನ್ನೆದುರಿಗೆ ತುಂಬು. ಹಾರದೆ ಹೋದರೆ ಇದು ಚರಿತ್ರೆಯಲ್ಲ, ಕಾದಂಬರಿ." ಕೊನೆಯ ಮಾತು ನನ್ನ ಕಡೆ ನೋಡಿ.

ಕುಳಿತಳು. ಕೊಳವೆ ನಿಲ್ಲಿಸಿದಳು. ಕೈ ಚಾಚಿದಳು. ಬೆನಕಪ್ಪ ಸೊಂಟದಿಂದ ಕದಿರು ತೆಗೆದುಕೊಟ್ಟ. ತಾನೇ ತಂದಿದ್ದ!

"ಓರೆ ಆಗದಂಗೆ ನೋಡ್ಕಳೇ."

"ನಿಂಗೆ ಹೇಳ್ಕೊಟ್ಟೋಳೇ ನಾನು, ಸುಮ್ಕಿರಣ್ಣ."

ಬತ್ತಿಯನ್ನೂ ಆಕೆಯೇ ಹಚ್ಚಿದಳು.

ಹೋಯಿತು! ಆ ಬಂಡೆಯ ಮೇಲೆ, ಈರಣ್ಣನ ಮೇಲೆ, ಹುಣಸೆಮರದ ಮೇಲೆ, ಹಿಂದೆ ಹುರಿ ಬಿಸಿಲಿಗೆ ಹೊಳೆಯುತ್ತಾ... ಈರಣ್ಣ ರುಮಾಲು ಬಿಚ್ಚಿ ಬೀಸುತ್ತಾ ಅದರ ಹಿಂದೆ ಓಡಿದ. ಅಮಲ್ದಾರರು ಎದ್ದು ನಿಂತಿದ್ದರು. ನೂರ ಅರವತ್ತೆರಡು ಗಜ. ಸೆಕೆಂಡು ಗೊತ್ತಿಲ್ಲ. ಗಡಿಯಾರ ಕೈಯಲ್ಲೇ ಇತ್ತು. ನೋಡಲಿಲ್ಲ.

ಪಾಪಮ್ಮ ಮಾತ್ರ ಬಂಡೆಯನ್ನು ನೋಡುತ್ತಿದ್ದಳು. "ಇನ್ಮ್ಯಾಕೆ ಹಗ್ಗ ಮುಟ್ತದೆ" ಎಂದಳು. ಅಷ್ಟೇ.

ಲೈಸೆನ್ಸು ಇಬ್ಬರ ಹೆಸರಿಗೂ.

೧೨ ಫೆಬ್ರವರಿ, ಬೆಳಿಗ್ಗೆ ೬
ಕಚೇರಿಗೆ ಇನ್ನೊಂದು ಪ್ರತಿ ಬೇಕಂತೆ. ಮೊದಲ ಪುಟ ಹೊಸದಾಗಿ—

ಶಿವನಿ ಹಳ್ಳ ದಾಟಿದ ಬಾಣದ ಚರಿತ್ರೆ.
ಮಾಡಿದವರು: ಪಾಪಮ್ಮ, ಬೆನಕಪ್ಪ.
ದೂರ: ೧೬೨ ಗಜ.
ಕಾಲ: ಬರೆದವನು ಆಕಾಶ ನೋಡುತ್ತಿದ್ದ.
ಬರೆದವನು—

ತಾರು ಬಡಿಯುತ್ತಿದೆ. ಗಾಡಿ ಬಿಡಲು ಪಕ್ಕದ ಸ್ಟೇಷನ್ನಿನವರು ಲೈನ್ ಕ್ಲಿಯರ್ ಕೇಳುತ್ತಿದ್ದಾರೆ. ಮಿಕ್ಸೆಡ್ ಇವತ್ತು ಸರಿಯಾದ ಹೊತ್ತಿಗೆ...