ಹಡಗಿನಲ್ಲಿ ಸಿಳ್ಳೆ

ಅಪ್ಪಾ,

ಬಂದರಿನ ಬಯಲು ಟಾಕೀಸಿನಲ್ಲಿ ಈ ಬೇಸಿಗೆಯೂ ನಿನ್ನ ಮೆಚ್ಚಿನ ಹಳೇ ಹಡಗಿನ ಸಿನಿಮಾ ಹಾಕಿದ್ದರು. ನೀನು ಹೋದ ಮೇಲೆ ಇದೇ ಮೊದಲು. ನಿನ್ನ ಕುರ್ಚಿಯಲ್ಲಿ ನಾನು ಕೂತೆ. ನಮ್ಮ ಕಾಲಿಮ್ನೊಸ್ ದ್ವೀಪದ ಜನ ಗೊತ್ತಲ್ಲ, ಪರದೆಯ ಜೊತೆ ಮಾತಾಡದೆ ಇರಲಾರರು.

"ಅಷ್ಟು ದೊಡ್ಡ ಅಲೆ ಹೊಡೆದ್ರೂ ಇವನ ಮೀಸೆ ನೆನೆಯಲ್ವಲ್ಲೇ!" ಎಂದಳು ಪಕ್ಕದ ಮನೆಯ ಸೆವಸ್ತಿ ಅತ್ತೆ.

"ಬಾವುಟ ಆ ಕಡೆ, ಹಾಯಿ ಈ ಕಡೆ. ಗಾಳಿಗೇ ತಲೆ ಕೆಟ್ಟಿದೆ," ಎಂದ ಸ್ಪಂಜು ಮಾರುವ ಮಿಕೆಸ್.

ಆಮೇಲೆ ನಾಯಕ ಎಂದಿನಂತೆ ಹಡಗಿನ ಮೇಲೆ ನಿಂತು ಸಿಳ್ಳೆ ಹಾಕಿದ. ಎಲ್ಲರೂ ಸುಮ್ಮನಾಗಿ ನಿನ್ನ ಕುರ್ಚಿಯ ಕಡೆ ತಿರುಗಿದರು. ನನಗೆ ತಡೆಯಲಾಗಲಿಲ್ಲ. ಎದ್ದು ನಿಂತು ನಿನ್ನ ಹಾಗೆಯೇ ಕೂಗಿದೆ: "ಲೋ, ಹಡಗಲ್ಲಿ ಸಿಳ್ಳೆ ಹಾಕ್ಬೇಡ್ವೋ! ಬಿರುಗಾಳಿ ಕರೀತಿದ್ದೀಯ, ಮುಠ್ಠಾಳ!"

ಅವನು ಕೇಳಲಿಲ್ಲ, ಬಿರುಗಾಳಿ ಬಂತು. ಜನ ಚಪ್ಪಾಳೆ ತಟ್ಟಿದರು. ಸೆವಸ್ತಿ ಅತ್ತೆ ಕಣ್ಣೊರೆಸಿಕೊಳ್ಳುತ್ತಾ, "ನಿಮ್ಮಪ್ಪನ ಮಾತೇ ಕೇಳ್ಲಿಲ್ಲ, ನಿನ್ನ ಮಾತು ಕೇಳ್ತಾನಾ?" ಎಂದಳು.

ನನ್ನ ಮಗಳು ಮಾತ್ರ, "ಮಾನ ಕಳೀಬೇಡಮ್ಮಾ," ಎಂದು ಪಿಸುಗುಟ್ಟಿ ಎದ್ದು ಹೋದಳು. ಹೋಗಿ ಕೂತದ್ದು ಹಿಂದೆ, ಅಂಜೂರದ ಮರದ ಕೆಳಗಿನ ಕಲ್ಲಿನ ಮೇಲೆ.

ಅವಳ ವಯಸ್ಸಿನಲ್ಲಿದ್ದಾಗಿನಿಂದ ಆ ಕಲ್ಲು ನನಗೆ ಚೆನ್ನಾಗಿ ಗೊತ್ತು, ಅಪ್ಪಾ. ಅಲ್ಲಿಂದ ಪರದೆ ಅರ್ಧ ಮಾತ್ರ ಕಾಣುತ್ತದೆ. ನಿನ್ನ ಕುರ್ಚಿ ಪೂರ್ತಿ ಕಾಣುತ್ತದೆ.