ಎತ್ತು ಏಳುವ ಹೊತ್ತು

೧೪-೧೧-೭೬, ಭಾನುವಾರ. ಚಿತ್ರದುರ್ಗ.

ಮೊನ್ನೆ ನಮ್ಮ ಕಾರು ಮತ್ತೆ ಐಮಂಗಲದ ಹತ್ತಿರ ಕೆಟ್ಟು ನಿಂತಿತು. ಬಸುರಿ ಮಗಳನ್ನು ಲಾರಿ ಹತ್ತಿಸಿ ಮನೆಗೆ ಕರೆತಂದೆ. ದಾರಿಯುದ್ದಕ್ಕೂ ಅವಳು ನನ್ನ ಮುಖ ನೋಡಲಿಲ್ಲ. ಇನ್ನು ಈ ಗಾಡಿ ಬೇಡವೇ ಬೇಡ.

ಹಿರಿಯೂರಿನ ಕಂಟ್ರಾಕ್ಟರ್ ತನ್ನ ಕಾರು ಮಾರುತ್ತಾನೆಂದು ತಿಳಿಯಿತು. ಇವತ್ತು ಹತ್ತು ಗಂಟೆಗೆ ಬನ್ನಿ ಎಂದಿದ್ದ. ಅವ್ವ ಒಪ್ಪಲಿಲ್ಲ.

"ಎತ್ತು ಕೊಳ್ಳಾಕೆ ಹೋದ್ರೆ, ಮಲಗಿದ್ದು ಹೆಂಗೆ ಏಳ್ತೈತೆ ಅಂತ ನೋಡ್ಬೇಕಪ್ಪ. ನಸುಕಿನಾಗೇ ಹೋಗು, ಹೇಳ್ದೆ ಹೋಗು."

ನಗು ಬಂತು. ಆದರೂ ಮೊದಲ ಬಸ್ಸಿಗೇ ಹೋದೆ. ಆ ಮನುಷ್ಯ ಲುಂಗಿ ಎತ್ತಿ ಕಟ್ಟಿ, ಇಬ್ಬರು ಆಳುಗಳ ಜೊತೆ ಕಾರನ್ನು ಬೀದಿಯಲ್ಲಿ ತಳ್ಳುತ್ತಿದ್ದ.

"ಏನ್ರಿ, ಇಷ್ಟ್ ಬೇಗ ಬಂದ್ಬಿಟ್ರಿ!"

ಮೈಯೆಲ್ಲ ಉರಿದುಹೋಯಿತು. ಮೋಸಗಾರ, ನಾನು ಬರುವ ಹೊತ್ತಿಗೆ ಎಂಜಿನ್ ಬಿಸಿ ಮಾಡಿಡುವ ಉಪಾಯ. ಬಾಯಿಗೆ ಬಂದಂತೆ ಬೈದು ಬಂದೆ.

ನಾಳೆ ನಮ್ಮ ಕಾರು ನೋಡಲು ಹೊಸದುರ್ಗದಿಂದ ಹನುಮಂತಯ್ಯ ಮೇಷ್ಟ್ರು ಬರುತ್ತಾರೆ. ಹೆಂಡತಿ ಮಕ್ಕಳನ್ನು ಕೂರಿಸಿಕೊಂಡು ಓಡಾಡುವುದಕ್ಕಂತೆ. ಮೆಕ್ಯಾನಿಕ್ ಏನೋ ಮಾಡಿ ಹೋಗಿದ್ದಾನೆ, ತಳ್ಳಿದರೆ ಸ್ಟಾರ್ಟ್ ಆಗುತ್ತದೆ. ಸಂಜೆಯೇ ಇಳಿಜಾರಿಗೆ ಮುಖ ಮಾಡಿ ನಿಲ್ಲಿಸಿದೆ. ಅವ್ವ ಜಗಲಿಯಿಂದ ನೋಡುತ್ತಲೇ ಇದ್ದಳು.

"ಮೇಷ್ಟ್ರಿಗೆ ಎಷ್ಟೊತ್ತಿಗೆ ಬರಾಕೆ ಹೇಳಿದೀಯಪ್ಪ?"

ನಾನು ಒಳಗೆ ಬಂದು ಡೈರಿ ತೆರೆದೆ.

ಹತ್ತು ಗಂಟೆಗೆ.