ಸೇತುವೆ ಇಲ್ಲದ ಊರಿನಲ್ಲಿರುವ ಮಗಳಿಗೆ

ಅಲ್ ಬರ್ಷಾ, ದುಬೈ
೧೧ ಮೇ ೨೦೧೮, ಶುಕ್ರವಾರ

ಪ್ರೀತಿಯ ಜೆಸ್ಸಿ,

ಹೇಗಿದ್ದಿ ಮಗಾ? ಹೋದ ಸಲ ಫೋನಿನಲ್ಲಿ ನಿನ್ನ ದನಿ ಒಡೆದಿತ್ತು. ನೆಗಡಿಯೋ, ಅಳುತ್ತಿದ್ದೆಯೋ ಗೊತ್ತಾಗಲಿಲ್ಲ, ಕೇಳುವಷ್ಟರಲ್ಲಿ ಲೈನ್ ಹೋಯಿತು. ನೀರು ಕುದಿಸಿಯೇ ಕುಡಿಯುತ್ತಿದ್ದಿ ತಾನೆ? ನರ್ಸಿಗೆ ಇದನ್ನು ಹೇಳಬೇಕೇ ಎಂದು ನಗಬೇಡ. ಆಸ್ಪತ್ರೆಯಲ್ಲಿ ಊರಿಗೆಲ್ಲ ಬುದ್ಧಿ ಹೇಳಿ, ಮನೆಗೆ ಬಂದು ಜ್ವರ ಬಂದರೂ ಮಾತ್ರೆ ನುಂಗದವಳು ನೀನು. ನಿನ್ನ ಅತ್ತೆ ಹೇಗಿದ್ದಾರೆ? ಸೊಂಟ ಮುರಿದವರು ಈಗ ಎದ್ದು ಕೂರುತ್ತಾರೆ ಎಂದಿದ್ದೆ. ಸಂತೋಷ. ಕೇಳುವುದು ನನ್ನ ಕರ್ತವ್ಯ, ಕೇಳಿದ್ದೇನೆ. ನಾವು ಇಲ್ಲಿ ಚೆನ್ನಾಗಿದ್ದೇವೆ. ನಿನ್ನ ಅಣ್ಣ ಡಿಕ್ಸನ್‌ಗೆ ಆಫೀಸಿನಲ್ಲಿ ಕೆಲಸ ಜಾಸ್ತಿ, ಅವನ ಹೆಂಡತಿ ಸ್ಟೇಸಿಗೆ ಅವನ ಮೇಲೆ ಸಿಟ್ಟು ಜಾಸ್ತಿ. ನನ್ನ ಸಕ್ಕರೆ ಹಿಡಿತದಲ್ಲಿದೆ. ನಿನ್ನ ಮಗ ಆರಾಮ್ ಬೆಳೆದಿದ್ದಾನೆ. ಡಿಸೆಂಬರಿನಲ್ಲಿ ನೀನು ಹೋಗುವ ಮೊದಲು ತಂದುಕೊಟ್ಟ ಪ್ಯಾಂಟುಗಳೆಲ್ಲ ಈಗ ಅವನಿಗೆ ಗಿಡ್ಡ. ಹೊಸದು ತಂದಿದ್ದೇವೆ, ಆ ಬಗ್ಗೆ ನೀನು ಚಿಂತೆ ಮಾಡುವುದು ಬೇಡ.

ಈ ಕಾಗದವನ್ನು ಅಬ್ದುಲ್ಲ ತರುತ್ತಾನೆ. ಮುಂದಿನ ವಾರ ರಂಜಾನ್ ಶುರು, ಅಷ್ಟರೊಳಗೆ ತಾಯಿಯ ಹತ್ತಿರ ಇರಬೇಕೆಂದು ಹೊರಟಿದ್ದಾನಂತೆ. ಅಬುಧಾಬಿಯ ಅಲ್ ಮೀನಾದಲ್ಲಿರುವ ಅವನ ಕಾರ್ಪೆಟ್ ಅಂಗಡಿಗೆ ನಿನ್ನೆ ಡಿಕ್ಸನ್ ನನ್ನನ್ನು ಕರೆದುಕೊಂಡು ಹೋಗಿದ್ದ. ನಿಜ ಹೇಳುತ್ತೇನೆ, ನನಗೆ ಆ ಮನುಷ್ಯನ ಮೇಲೆ ಸಿಟ್ಟಿತ್ತು. ನಿನ್ನ ಗಂಡನ ಊರಿನವನು ಎಂದು ನೀನು ಅವನನ್ನು ಅಷ್ಟು ಹಚ್ಚಿಕೊಂಡೆ, ಮುತ್ತಿಗೆ ಮುಗಿದ ಕೂಡಲೇ ದಮಾಸ್ಕಸ್ಸಿನಿಂದ ಬಸ್ಸು ಯಾವಾಗ ಹೊರಡುತ್ತದೆ ಎಂದು ನಿನಗೆ ಹೇಳಿಕೊಟ್ಟವನು ಅವನೇ. ಬಯ್ಯಬೇಕೆಂದೇ ಹೋದೆ. ಅವನು ಎದ್ದು ನಿಂತು, ಒಳ್ಳೆಯ ರತ್ನಗಂಬಳಿಯ ಮೇಲೆ ನನ್ನನ್ನು ಕೂರಿಸಿ ಚಹಾ ಕೊಟ್ಟ. ಚಹಾ ಕುಡಿದ ಬಾಯಿಯಲ್ಲಿ ಬಯ್ಯಲಾಗಲಿಲ್ಲ. ಫೋನಿನಲ್ಲಿ ಹೇಳಬಹುದಿತ್ತಲ್ಲ ಎಂದು ನೀನು ಕೇಳುತ್ತಿ. ಫೋನಿನಲ್ಲಿ ನೀನು "ಸರಿ ಅಮ್ಮಾ, ಆಮೇಲೆ ಅಮ್ಮಾ" ಎಂದು ಜಾರಿಕೊಳ್ಳುತ್ತಿ. ಕೊಂಕಣಿಯಲ್ಲಿ ಬಯ್ಯುವುದು ನನಗೆ ಸುಲಭ, ಆದರೆ ಶಾಲೆಯಲ್ಲಿ ಆಯುಷ್ಯವಿಡೀ ಕನ್ನಡ ಕಲಿಸಿದ ಕೈ, ಕಾಗದ ಕಂಡರೆ ಕನ್ನಡವನ್ನೇ ಬರೆಯುತ್ತದೆ. ಪೂರ್ತಿ ಓದು. ನಡುವೆ ಮಡಚಿ ಇಡಬೇಡ.

ಆರಾಮ್‌ನನ್ನು ಇಲ್ಲಿಗೆ ಕಳಿಸಿ ಎಂದು ನೀನು ಫೋನಿನಲ್ಲಿ ಹೇಳಿದೆ. ಎಷ್ಟು ಸಲೀಸಾಗಿ ಹೇಳಿದೆ, ಪಕ್ಕದ ಬೀದಿಯಿಂದ ಪಾತ್ರೆ ಕಳಿಸಿ ಎಂದ ಹಾಗೆ. ಜೂನ್ ಮೊದಲ ವಾರಕ್ಕೆ ನೀನು ದೇಶ ಬಿಟ್ಟು ಆರು ತಿಂಗಳಾಗುತ್ತದೆ. ಅದು ದಾಟಿದರೆ ನಿನ್ನ ವೀಸಾ ರದ್ದು, ಆಸ್ಪತ್ರೆಯ ಕೆಲಸವೂ ಹೋಯಿತು. ನಿನ್ನ ವೀಸಾಕ್ಕೆ ಜೋತುಬಿದ್ದಿರುವ ಹುಡುಗನ ವೀಸಾನೂ ಅದರ ಜೊತೆಗೇ ಹೋಗುತ್ತದೆ. ಡಿಕ್ಸನ್ ನಾಲ್ಕು ಕಡೆ ವಿಚಾರಿಸಿದ. ಸೋದರಮಾವನ ಹೆಸರಿನಲ್ಲಿ ಅವನನ್ನು ಇಲ್ಲಿ ಇಟ್ಟುಕೊಳ್ಳುವುದು ಸುಲಭವಿಲ್ಲ. ನೀನು ಬಂದು ನಿಂತರೆ ಎಲ್ಲ ಸರಿ. ಬರದಿದ್ದರೆ ಅವನು ನನ್ನೊಟ್ಟಿಗೆ ಮಂಗಳೂರಿಗೆ, ಇಲ್ಲ ನಿನ್ನೊಟ್ಟಿಗೆ ಸಿರಿಯಾದ ಆ ದೈರ್ ಅಲ್-ಝೋರ್‌ಗೆ. ಎರಡನೆಯದಕ್ಕೆ ನಾನು ಒಪ್ಪುವುದಿಲ್ಲ. ಯಾಕೆ ಎಂದು ಬರೆಯುತ್ತೇನೆ, ನಿನಗೆ ಗೊತ್ತಿರುವುದನ್ನೇ ಬರೆಯುತ್ತೇನೆ, ಯಾಕೆಂದರೆ ನೀನು ಮರೆತ ಹಾಗೆ ನಟಿಸುತ್ತಿದ್ದಿ.

ಆ ಊರು ಕೆಟ್ಟದ್ದು ಎಂದು ನಾನು ಯಾವತ್ತೂ ಹೇಳಿದವಳಲ್ಲ. ೨೦೧೦ರ ಕ್ರಿಸ್ಮಸ್ಸಿಗೆ ಬಂದಿದ್ದೆನಲ್ಲ. ಇಲ್ಲಿಯ ಹೋಟೆಲಿನ ಒಳ್ಳೆಯ ಕೆಲಸ ಬಿಟ್ಟು, ಅಪ್ಪ ತೀರಿಹೋದರೆಂದು ಅವರ ಫೋಟೋ ಸ್ಟುಡಿಯೋ ನೋಡಿಕೊಳ್ಳಲು ಹೆಂಡತಿ ಮಗುವನ್ನು ಅಷ್ಟು ದೂರ ಎಳೆದುಕೊಂಡು ಹೋದ ಎಂದು ನಿನ್ನ ಗಂಡನ ಮೇಲೆ ಮುಖ ಊದಿಸಿಕೊಂಡೇ ಬಂದಿಳಿದೆ. ಹಾಗೋಪ್ ಎಂದರೆ ನಮ್ಮ ಜಾಕೋಬನೇ ಎಂದು ನೀನು ಮದುವೆಗೆ ಮೊದಲು ನನ್ನನ್ನು ಒಪ್ಪಿಸಿದ್ದೆ, ನೆನಪಿದೆಯೇ? ಆ ಜಾಕೋಬ ಸಂಜೆ ನನ್ನ ಕೈ ಹಿಡಿದು ಫರಾತ್, ಅದೇ ನಮ್ಮ ಬೈಬಲಿನ ಯೂಫ್ರೆಟಿಸ್ ನದಿಯ ತೂಗುಸೇತುವೆಯ ಮೇಲೆ ನಡೆಸಿದ. ಫ್ರೆಂಚರ ಕಾಲದ್ದು, ಜನ ನಡೆಯುವುದಕ್ಕೆ ಮಾತ್ರ. ಇಡೀ ಊರು ಅದರ ಮೇಲಿತ್ತು. ಹೊಸದಾಗಿ ಮದುವೆಯಾದವರು, ಸೂರ್ಯಕಾಂತಿ ಬೀಜ ಮೆಲ್ಲುವ ಮುದುಕರು, ಮಕ್ಕಳ ತಳ್ಳುಗಾಡಿಯಲ್ಲಿ ಆರಾಮ್. ನೇತ್ರಾವತಿಯ ರೈಲು ಸೇತುವೆಯ ಮೇಲೆ ನಿಂತು ಹರಟೆ ಹೊಡೆಯುವುದನ್ನು ಯಾರಾದರೂ ಕಂಡಿದ್ದಾರೆಯೇ? ಬೇಸಿಗೆಯಲ್ಲಿ ಹುಡುಗರು ಅಲ್ಲಿಂದ ನದಿಗೆ ಹಾರುತ್ತಾರೆ, ಆರಾಮ್ ದೊಡ್ಡವನಾದ ಮೇಲೆ ಅವನೂ ಹಾರುತ್ತಾನೆ ಎಂದ. ನಾನು ಶಿಲುಬೆಯ ಗುರುತು ಹಾಕಿಕೊಂಡೆ, ಅವನು ನಕ್ಕ. ಆ ಊರಿನಲ್ಲಿ ಎಲ್ಲರ ಮದುವೆಯ ಫೋಟೋ ಸೇತುವೆಯ ಮೇಲೆಯೇ ಆಗಬೇಕು, ತನ್ನ ಅಪ್ಪ ಊರಿನ ಅರ್ಧಕ್ಕರ್ಧ ಗಂಡಹೆಂಡಿರನ್ನು ಅಲ್ಲೇ ನಿಲ್ಲಿಸಿ ತೆಗೆದಿದ್ದಾರೆ, ಜಗಳವಾಡಿದವರು ಸ್ಟುಡಿಯೋಗೆ ಬಂದು ಅವರನ್ನೇ ಬಯ್ಯುತ್ತಿದ್ದರು ಎಂದ. ಚಳಿಯಲ್ಲೂ ನಕ್ಕುಬಿಟ್ಟೆ. ಒಳ್ಳೆಯ ಹುಡುಗ. ಅವನನ್ನು ಅಳಿಯ ಎಂದು ಒಪ್ಪಿಕೊಳ್ಳಲು ನನಗೆ ಆ ಒಂದು ಸಂಜೆ ಸಾಕಾಯಿತು.

ನಿನ್ನ ಅತ್ತೆ ಆರಾಕ್ಸಿಯವರು ರಾತ್ರಿ ಊಟಕ್ಕೆ ಒಣಬೆಂಡೆಯ ಸಾರು ಮಾಡಿದ್ದರು, ರೊಟ್ಟಿಯ ಮೇಲೆ ಸುರಿದು. ಬೆಂಡೆಯನ್ನು ಅಬ್ಬಲಿಗೆ ಕಟ್ಟಿದ ಹಾಗೆ ದಾರಕ್ಕೆ ಪೋಣಿಸಿ ಗೋಡೆಗೆ ನೇತುಹಾಕಿದ್ದರು. ಊಟವಾದ ಮೇಲೆ ತಮ್ಮ ತಾಯಿಯ ಕಥೆ ಹೇಳಿದರು, ನೀನು ಕೊಂಕಣಿಯಲ್ಲಿ ಹೇಳುತ್ತಾ ಹೋದೆ. ನೂರು ವರ್ಷದ ಹಿಂದೆ ತುರ್ಕರು ಅರ್ಮೇನಿಯದವರನ್ನು ಮನೆಗಳಿಂದ ಹೊರಗೆ ಹಾಕಿ ಈ ಮರುಭೂಮಿಗೆ ನಡೆಸಿದರು. ದಾರಿಯುದ್ದಕ್ಕೂ ಜನ ಸತ್ತರು. ಆ ತಾಯಿ ಆಗ ಚಿಕ್ಕ ಹುಡುಗಿ. ನದಿಯ ದಂಡೆಯಲ್ಲಿ ಬಿದ್ದಿದ್ದವಳನ್ನು ಒಂದು ಅರಬ್ಬರ ಮನೆಯವರು ಎತ್ತಿಕೊಂಡು ಹೋಗಿ ಮಗಳ ಹಾಗೆ ಸಾಕಿದರು. ಹಾಗೆ ಸತ್ತವರ ಮೂಳೆಗಳನ್ನು ಇಟ್ಟಿದ್ದ ಇಗರ್ಜಿಗೆ ಮರುದಿನ ನನ್ನನ್ನು ಕರೆದುಕೊಂಡು ಹೋದರು. ಅಲ್ಲಿ ನಾವಿಬ್ಬರೂ ಮೊಣಕಾಲೂರಿದೆವು. ಒಬ್ಬರ ಭಾಷೆಯ ಒಂದು ಮಾತೂ ಇನ್ನೊಬ್ಬರಿಗೆ ಬರದ ಇಬ್ಬರು ಹೆಂಗಸರು ಒಟ್ಟಿಗೆ ಅತ್ತೆವು. ಆ ಹೆಂಗಸನ್ನು ನಾನು ಇಷ್ಟಪಟ್ಟಿದ್ದೆ ಜೆಸ್ಸಿ. ಅದಕ್ಕೇ ಈಗ ಇಷ್ಟು ಸಿಟ್ಟು.

ಆಮೇಲೆ ಏನಾಯಿತು? ನಾನು ವಾಪಸು ಬಂದು ಕೆಲವು ತಿಂಗಳಲ್ಲಿ ಬೀದಿಯಲ್ಲಿ ಘೋಷಣೆ, ಬೇಸಿಗೆಗೆ ಟ್ಯಾಂಕು. ಊರನ್ನು ಬೀದಿ ಬೀದಿಯಾಗಿ ಹಂಚಿಕೊಂಡರು. ಯಾರು ಯಾರ ಮೇಲೆ ಹೊಡೆದರು ಎಂದು ನಿನ್ನೆ ಅಬ್ದುಲ್ಲನನ್ನು ಹಿಂದಿಯಲ್ಲಿ ಕೇಳಿದೆ. ಅವನ ತಮ್ಮಂದಿರಲ್ಲಿ ಒಬ್ಬ ಸರಕಾರದ ಸೈನ್ಯದಲ್ಲಿದ್ದನಂತೆ, ಇನ್ನೊಬ್ಬ ಎದುರು ಪಕ್ಷದಲ್ಲಿ. ತಾಯಿ ಇಬ್ಬರಿಗೂ ಊಟ ಎತ್ತಿಡುತ್ತಿದ್ದಳು, ಇಬ್ಬರೂ ಬರಲಿಲ್ಲ. ಅಷ್ಟು ಹೇಳಿ ಗಂಬಳಿಗಳನ್ನು ಮಡಚತೊಡಗಿದ. ನಿನ್ನ ಗಂಡ ಸ್ಟುಡಿಯೋದ ಬಾಗಿಲು ಭದ್ರವಾಗಿದೆಯೇ ನೋಡಿ ಬರುತ್ತೇನೆ ಎಂದು ಹೋದವನು ಜೀವಂತ ಮರಳಲಿಲ್ಲ. ಸ್ಮಶಾನಕ್ಕೆ ಹೋಗುವ ದಾರಿಯಲ್ಲಿ ಗುಂಡು ಹಾರುತ್ತಿತ್ತೆಂದು ಮಕ್ಕಳು ಆಡುವ ಪಾರ್ಕಿನಲ್ಲಿ ಅವನನ್ನು ಹೂತಿರಿ. ಜಾರುಬಂಡಿಯ ಹತ್ತಿರ ಎಂದು ನೀನೇ ಹೇಳಿದ್ದೆ. ಆ ಊರಿಗೆ ಆಡಲು ನನ್ನ ಮೊಮ್ಮಗನನ್ನು ಕಳಿಸಬೇಕೇ?

ಇನ್ನು ಆ ಫೋನು. ನೀನು ಅದನ್ನು ತಮಾಷೆಯ ಕಥೆ ಮಾಡಿಕೊಂಡಿದ್ದಿ, ನನಗೆ ಅದು ತಮಾಷೆಯಲ್ಲ. ೨೦೧೩ರ ಮೇ ತಿಂಗಳು, ಸೇತುವೆ ನದಿಗೆ ಬಿತ್ತೆಂದು ಟಿವಿಯಲ್ಲಿ ತೋರಿಸಿದ ವಾರವೇ, ನಿನ್ನ ಅತ್ತೆ ಫೋನ್ ಮಾಡಿದರು. ಅಳುತ್ತಿದ್ದರು. ಉದ್ದಕ್ಕೆ ಏನೇನೋ ಹೇಳಿದರು, ನನಗೆ ತಿಳಿದದ್ದು ಎರಡೇ ಮಾತು. "ಜೆಸ್ಸಿಕಾ ಮಾಫಿ. ಆರಾಮ್ ಮಾಫಿ. ಖಲಾಸ್, ಖಲಾಸ್." ಈ ದೇಶದಲ್ಲಿ ಕಿರಾಣಿ ಅಂಗಡಿಯಲ್ಲಿ ಹಾಲು ಇಲ್ಲದಿದ್ದರೆ ಮಾಫಿ, ಗ್ಯಾಸ್ ಮುಗಿದರೆ ಖಲಾಸ್. ನಮ್ಮ ಊರಿನಲ್ಲಿ ಮನುಷ್ಯ ಖಲಾಸ್ ಎಂದರೆ ಏನು ಅರ್ಥ ಎಂದು ಯಾರನ್ನು ಬೇಕಾದರೂ ಕೇಳು. ಫೋನ್ ಕೈಯಿಂದ ಬಿತ್ತು. ಮರಳಿ ಮಾಡಿದರೆ ಲೈನ್ ಇಲ್ಲ. ಎಷ್ಟು ದಿನ ಪ್ರಯತ್ನಿಸಿದರೂ ಇಲ್ಲ. ಊದ್ ಮೇಥಾದ ಇಗರ್ಜಿಯಲ್ಲಿ ನಿನ್ನ ಮತ್ತು ಮಗುವಿನ ಆತ್ಮಕ್ಕೆ ಪೂಜೆ ಹೇಳಿಸಿದೆವು. ಡಿಕ್ಸನ್ ಮಂಗಳೂರಿನ ಪೇಪರಿನಲ್ಲಿ ನಿಮ್ಮಿಬ್ಬರ ಫೋಟೋ ಹಾಕಿಸಿದ. ನಾನು ಕಪ್ಪು ಬಟ್ಟೆ ಹೊಲಿಸಿದೆ. ಆ ಬಟ್ಟೆಯಲ್ಲೇ ಇದ್ದೆ, ಟರ್ಕಿಯಿಂದ ನಿನ್ನ ಫೋನು ಬಂದಾಗ. ನಾವು ದೋಣಿಯಲ್ಲಿ ನದಿ ದಾಟಿ ಬಂದೆವು, ಆ ದಿನವೇ ಅತ್ತೆ ನಿಮಗೆ ಹೇಳಿದರಲ್ಲ ಎಂದೆ ನೀನು. ಜೆಸ್ಸಿಕಾ ಇಲ್ಲಿಲ್ಲ, ಆರಾಮ್ ಇಲ್ಲಿಲ್ಲ, ಪಾರಾದರು, ಇನ್ನು ಚಿಂತೆ ಸಾಕು ಎಂದು ಅವರು ಹೇಳಿದ್ದಂತೆ. ಹೌದು, ಅವರ ತಪ್ಪಲ್ಲ, ನನ್ನ ತಪ್ಪೂ ಅಲ್ಲ. ಆದರೆ ನಾನು ಮಗಳನ್ನು ಕಳೆದುಕೊಂಡು ಎರಡು ವಾರ ಬದುಕಿದ್ದೇನೆ. ಊರಿನಲ್ಲಿ ಇವತ್ತಿಗೂ ಕೆಲವರು ನನ್ನನ್ನು ಕಂಡರೆ ದನಿ ತಗ್ಗಿಸುತ್ತಾರೆ, ತಿದ್ದುಪಡಿಯನ್ನು ಪೇಪರಿನಲ್ಲಿ ಯಾರು ಓದುತ್ತಾರೆ?

ನಿನ್ನ ಅತ್ತೆ ಆ ದೋಣಿ ಹತ್ತಲಿಲ್ಲ. ನನ್ನ ತಾಯಿ ನಡೆದು ನಡೆದು ಬಂದು ಇಲ್ಲಿ ನಿಂತವಳು, ನಾನು ಇಲ್ಲಿಂದ ನಡೆಯುವುದಿಲ್ಲ ಎಂದರಂತೆ. ಒಳ್ಳೆಯದು. ಮರುವರ್ಷ ಆ ಇಗರ್ಜಿಯನ್ನು ಸಿಡಿಮದ್ದು ಇಟ್ಟು ಒಡೆದರು. ಆಮೇಲೆ ಕಪ್ಪು ಬಾವುಟದ ಐಸಿಸ್‌ನವರು ಊರನ್ನು ಸುತ್ತುವರಿದು ಕೂತರು. ಮೂರು ವರ್ಷದ ಹತ್ತಿರ ಹತ್ತಿರ, ವಿಮಾನದಿಂದ ಎಸೆದ ಗೋಧಿಯನ್ನು ತಿಂದುಕೊಂಡು ಅವರು ಒಬ್ಬರೇ ಅಲ್ಲಿದ್ದರು. ಇಲ್ಲಿ ನೀನು ಅಬುಧಾಬಿಯಲ್ಲಿ ಕೆಲಸಕ್ಕೆ ಸೇರಿದೆ, ಮಗ ಶಾಲೆಗೆ ಸೇರಿದ, ನಾವೆಲ್ಲ ಸೇರಿ ನಿನ್ನನ್ನು ಮತ್ತೆ ಮನುಷ್ಯಳನ್ನಾಗಿ ಮಾಡಿದೆವು. ಮುತ್ತಿಗೆ ಮುರಿಯಿತು ಎಂಬ ಸುದ್ದಿ ಬಂದದ್ದೇ ತಡ, ಬದುಕಿದ್ದಾರೋ ಇಲ್ಲವೋ ನೋಡಿ ಬರುತ್ತೇನೆ, ಎರಡು ವಾರ ಅಷ್ಟೇ ಎಂದೆ. ಬದುಕಿದ್ದರು. ದೇವರಾಣೆ, ಆ ಸುದ್ದಿ ಕೇಳಿ ನಾನೇ ಇಗರ್ಜಿಗೆ ಹೋಗಿ ಮೇಣದಬತ್ತಿ ಹಚ್ಚಿದ್ದೇನೆ. ಆದರೆ ನಿನ್ನ ಎರಡು ವಾರ ಇನ್ನೂ ಮುಗಿದಿಲ್ಲ.

ಅಬ್ದುಲ್ಲ ಈಗಿನ ಊರನ್ನು ಫೋನಿನಲ್ಲಿ ತೋರಿಸಿದ. ಸೇತುವೆಯ ಕಂಬಗಳು ಮಾತ್ರ ನಿಂತಿವೆ. ಬೀದಿ ಎಂದು ಅವನು ಬೆರಳಿಟ್ಟಲ್ಲಿ ನನಗೆ ಕಲ್ಲಿನ ರಾಶಿ ಕಂಡಿತು. ಇದು ನಿಮ್ಮ ಬೀಗರ ಸ್ಟುಡಿಯೋ ಇದ್ದ ಜಾಗ ಎಂದ, ಹೇಗೆ ಗುರುತು ಹಿಡಿದನೋ. ಯಾವ ಕಲ್ಲಿನ ಕೆಳಗೆ ಯಾವ ಬಾಂಬು ಸಿಡಿಯದೆ ಬಿದ್ದಿದೆಯೋ ಅದೂ ಗೊತ್ತಿಲ್ಲ ಎಂದ. ನೀನು ಆರಾಮ್‌ಗೆ ಶಾಲೆ ತೆರೆದಿದೆ, ಒಳ್ಳೆಯ ಟೀಚರು ಎಂದೆಯಲ್ಲ. ಟೀಚರು ಒಳ್ಳೆಯವರೇ ಇರಬಹುದು. ಶಾಲೆಗೆ ಹೋಗುವ ದಾರಿ?

ನನಗೆ ನಿಜವಾಗಿ ಚುಚ್ಚಿದ್ದು ಬೇರೆಯೇ. ಹೋದ ತಿಂಗಳು ನೀನು ಹೇಳಿದೆ, "ಅಮ್ಮಾ, ನಿನಗೆ ಡಿಕ್ಸನ್ ಇದ್ದಾನೆ. ಇವರಿಗೆ ನಾನು ಒಬ್ಬಳೇ." ನಾನು ಆ ದಿನ ಊಟ ಮಾಡಲಿಲ್ಲ. ಮಗ ಇದ್ದಾನೆ ಎಂದರೆ ಮಗಳು ಬೇಡ ಎಂದು ಯಾರು ನಿನಗೆ ಕಲಿಸಿದರು? ಒಂಬತ್ತು ತಿಂಗಳು ಹೊತ್ತವಳು ನಾನು, ಸೊಂಟ ಉಜ್ಜಿಸಿಕೊಳ್ಳುವುದು ಅವರು. ಹೌದು, ಹೊಟ್ಟೆಕಿಚ್ಚು. ಬರೆದೇಬಿಟ್ಟೆ. ಅವರನ್ನು ಬಿಟ್ಟು ಬಾ ಎಂದು ಹೇಳಲು ನನಗೆ ಬಾಯಿ ಬರುವುದಿಲ್ಲ, ಬಿಟ್ಟು ಬಂದರೆ ನೀನು ನನ್ನ ಮಗಳೂ ಅಲ್ಲ. ಬಿಡದೆ ಇರು ಎಂದೂ ಹೇಳಲಾರೆ. ಇಷ್ಟು ವರ್ಷ ಮಕ್ಕಳಿಗೆ ವ್ಯಾಕರಣ ಕಲಿಸಿದವಳಿಗೆ ಈ ವಾಕ್ಯವನ್ನು ಮುಗಿಸಲು ಬರುತ್ತಿಲ್ಲ. ಹುಡುಗನ ವಿಷಯ ಮಾತ್ರ ಖಡಾಖಂಡಿತ. ಅವನನ್ನು ಆ ಯುದ್ಧದಿಂದ ದೋಣಿಯಲ್ಲಿ ದಾಟಿಸಿದವಳು ನೀನು. ಮತ್ತೆ ಅದೇ ದಡಕ್ಕೆ ಇಳಿಸಲು ನಾನು ಕೈ ಜೋಡಿಸುವುದಿಲ್ಲ.

ಅಬ್ದುಲ್ಲನ ಹತ್ತಿರ ನಿನ್ನ ಅತ್ತೆಯ ಬಿಪಿ ಮಾತ್ರೆ, ಕಾಲಿಗೆ ಹಚ್ಚುವ ಎಣ್ಣೆ, ಉಣ್ಣೆಯ ಶಾಲು ಕಳಿಸಿದ್ದೇನೆ. ಶಾಲು ನನ್ನದೇ, ಒಮ್ಮೆ ಹೊದ್ದದ್ದು. ಕುಚ್ಚಲಕ್ಕಿ ಕಳಿಸಬೇಕೆಂದಿದ್ದೆ, ಭಾರವಾಗುತ್ತದೆ ಎಂದು ಅವನು ಮುಖ ಸಪ್ಪೆ ಮಾಡಿದ. ಅವರಿಗೆ ನನ್ನ ನಮಸ್ಕಾರ ಹೇಳು, ಸಿಟ್ಟಿನ ವಿಷಯ ಹೇಳಬೇಡ. ರಾತ್ರಿ ಬಾಗಿಲಿಗೆ ಅಗುಳಿ ಹಾಕಿಕೊಂಡು ಮಲಗು. ಮಾತೆ ಮರಿಯ ನಿಮ್ಮಿಬ್ಬರ ತಲೆಯ ಮೇಲೆ ಕೈ ಇಟ್ಟು ಕಾಯಲಿ.

ನಿನ್ನ ದಾರಿ ನೋಡುವ,
ಅಮ್ಮ
(ಲೂರ್ದ್)

ತಾ.ಕ.: ಡಿಕ್ಸನ್ ಕೆಳಗೆ ಕಾರಿನ ಹಾರ್ನ್ ಹೊಡೆಯುತ್ತಿದ್ದಾನೆ, ಅಬ್ದುಲ್ಲನಿಗೆ ಇದನ್ನು ತಲುಪಿಸಬೇಕು. ಬರೆಯಬೇಕೋ ಬೇಡವೋ ಎಂದು ಇಷ್ಟು ಹೊತ್ತು ಸುತ್ತಿ ಬಳಸಿ ಬರೆದೆ. ನಿನ್ನೆ ಅಲ್ ಮೀನಾದಿಂದ ಬರುವಾಗ ಆರಾಮ್‌ನ ಕ್ಲಾಸ್ ಟೀಚರ್ ಫೋನ್ ಮಾಡಿದರು. ತಾಯಿ ತೀರಿಹೋದ ವಿಷಯ ಇವತ್ತೇ ಗೊತ್ತಾಯಿತು, ತುಂಬಾ ಬೇಸರವಾಯಿತು, ಹುಡುಗನನ್ನು ನಾವೆಲ್ಲ ಚೆನ್ನಾಗಿ ನೋಡಿಕೊಳ್ಳುತ್ತೇವೆ ಎಂದರು. ಇಲ್ಲ ಮಿಸ್, ನನ್ನ ಮಗಳು ಬದುಕಿದ್ದಾಳೆ ಎಂದೆ. ಕ್ಲಾಸಿನಲ್ಲಿ ಎಲ್ಲರೆದುರು ಅವನೇ ಹಾಗೆ ಹೇಳಿದನಂತೆ. ಮನೆಗೆ ಬಂದು ಬಯ್ಯದೆ ಪಕ್ಕದಲ್ಲಿ ಕೂರಿಸಿಕೊಂಡು ಯಾಕೆ ಮಗಾ ಹಾಗೆ ಹೇಳಿದ್ದು ಎಂದು ಕೇಳಿದೆ. ಯಾವಾಗಲೂ ಇಂಗ್ಲಿಷಿನಲ್ಲೇ ಉತ್ತರ ಕೊಡುವವನು ನನಗೆ ತಿಳಿಯಲಿ ಎಂದೋ ಏನೋ ನಮ್ಮ ಭಾಷೆಯಲ್ಲೇ ಹೇಳಿದ, "ಸತ್ತಿದ್ದಾಳೆ ಅಂದ್ರೆ ಯಾವಾಗ ಬರ್ತಾಳೆ ಅಂತ ಯಾರೂ ಕೇಳೋದಿಲ್ಲ." ಇದಕ್ಕೆ ಉತ್ತರ ಹೇಳಬೇಕಾದವಳು ನೀನು ಜೆಸ್ಸಿ.